ಇನ್ನೊಬ್ಬರ ಕೈ

ಜನವರಿ 8

ತಮ್ಮನಿಗೆ,

ನಿನ್ನ ಕಾರ್ಖಾನೆ ಮುಚ್ಚಿದ ಸುದ್ದಿಯನ್ನು ನಮ್ಮ ಪತ್ರಿಕೆ ಏಳನೇ ಪುಟದಲ್ಲಿ, ಬೂಟಿನ ಜಾಹೀರಾತಿನ ಕೆಳಗೆ, ನಾಲ್ಕು ಸಾಲಿನಲ್ಲಿ ಮುಗಿಸಿದೆ. ಇಪ್ಪತ್ತೊಂಬತ್ತು ವರ್ಷ ಆ ಪತ್ರಿಕೆಯ ಕರಡು ತಿದ್ದಿದವಳು ನಾನು. ನಿವೃತ್ತಿಯಾದರೂ ಕಣ್ಣು ತಪ್ಪನ್ನೇ ಹುಡುಕುತ್ತದೆ. ನಾಲ್ಕು ಸಾಲಿಗೆ ಎರಡು ಸುಳ್ಳು. ‘ಕಾರ್ಮಿಕರ ಒಪ್ಪಿಗೆಯೊಂದಿಗೆ’ ಎಂದು ಬರೆದಿದ್ದಾರೆ. ಯಾರನ್ನು ಕೇಳಿದರು? ‘ಅಪಘಾತವಿಲ್ಲದ ಐದು ದಶಕಗಳ ಸೇವೆ’ ಎಂದೂ ಬರೆದಿದ್ದಾರೆ. ಹಾಗಾದರೆ ನಿನ್ನ ಬೆರಳು ಎಲ್ಲಿಗೆ ಹೋಯಿತಂತೆ, ತೀರ್ಥಯಾತ್ರೆಗೋ?

ನಿನ್ನ ಕಾರ್ಖಾನೆಯ ತಗಡು ಒತ್ತುವ ನಾಲ್ಕನೇ ನಂಬರಿನ ಪ್ರೆಸ್ಸು ನಿನ್ನ ಬಲಗೈ ತೋರುಬೆರಳನ್ನು ಎರಡು ಗೆಣ್ಣಿನವರೆಗೆ ಕಚ್ಚಿಕೊಂಡು ಇಪ್ಪತ್ತಾರು ವರ್ಷವಾಯಿತು. ನೀನು ಮರೆತೇಬಿಟ್ಟಿದ್ದೀಯ. ಗೆಳೆಯರು ‘ಒಂಬತ್ತೂವರೆ’ ಎಂದು ಕರೆದರೆ ನೀನೂ ಅವರ ಜೊತೆ ನಗುತ್ತೀಯ. ಮರೆಯುವುದು ನಿನ್ನ ಗುಣ, ನೆನಪಿಟ್ಟುಕೊಳ್ಳುವುದು ನನ್ನ ರೋಗ.

ಇನ್ನು ಮೇಲೆ ಯಾರ ಕೈಕೆಳಗೂ ದುಡಿಯುವುದಿಲ್ಲ, ಹಿಂದಿನ ಕೋಣೆಯಲ್ಲಿ ಮಡಚುವ ಚಾಕು ಮಾಡುತ್ತೇನೆ ಎಂದು ಬರೆದಿದ್ದೀಯ. ಸಂತೋಷ. ಮಾಡುವುದಾದರೆ ಗಟ್ಟಿಯಾದದ್ದನ್ನು ಮಾಡು. ಮಗಳು ಹೋದ ವಾರ ಬಂದಿದ್ದಳು. ಅವಳ ಆಂಬುಲೆನ್ಸಿನಲ್ಲಿರುವ ಕತ್ತರಿ ಬೆಣ್ಣೆಯನ್ನೂ ಕತ್ತರಿಸುವುದಿಲ್ಲವಂತೆ. ನಜ್ಜುಗುಜ್ಜಾದ ಕಾರಿನೊಳಗೆ ಮನುಷ್ಯ ತಲೆಕೆಳಗಾಗಿ ಬೆಲ್ಟಿಗೆ ನೇತುಬಿದ್ದಿರುತ್ತಾನೆ, ಇವರು ಹೊರಗೆ ಕತ್ತರಿ ಉಜ್ಜುತ್ತಾ ನಿಂತಿರುತ್ತಾರೆ. “ಮಾವನಿಗೆ ಹೇಳಮ್ಮ, ನನಗೊಂದು ಮಾಡಿಕೊಡಲಿ” ಅಂದಳು. ಹೇಳಿದ್ದೇನೆ.

ಕಿವಿಗೆ ಹತ್ತಿ ಇಟ್ಟುಕೊಂಡು ಕೆಲಸ ಮಾಡು, ಉಳಿದಿರುವುದನ್ನಾದರೂ ಉಳಿಸಿಕೋ.

ನಿನ್ನ ಅಕ್ಕ


ಫೆಬ್ರವರಿ 3

ಅಕ್ಕಾ,

ಪ್ರೆಸ್ಸುಗಳು ನನ್ನ ಕಿವಿಯಲ್ಲಿ ಉಳಿಸಿದ್ದು ಬಹಳವೇನಿಲ್ಲ. ಹತ್ತಿ ದಂಡ. ಹಾಗಾಗಿಯೇ ನಿನಗೆ ಫೋನಿನ ಬದಲು ಕಾಗದ.

ಚಾಕು ಆಯಿತು. ಐದನೆಯ ಸಲಕ್ಕೆ ಆಯಿತು. ಮೊದಲು ರಟ್ಟಿನಲ್ಲಿ ಕತ್ತರಿಸಿದೆ, ಆಮೇಲೆ ತಗಡಿನಲ್ಲಿ, ಆಮೇಲೆ ಉಕ್ಕಿನಲ್ಲಿ. ಅಲಗು ನನ್ನ ಅಂಗೈಯಷ್ಟು ಉದ್ದ, ಬೆನ್ನು ಸಾಕಷ್ಟು ದಪ್ಪ. ಮಡಚುವ ಚಾಕಿನ ಜೀವ ಇರುವುದು ಅಲಗಿನಲ್ಲಲ್ಲ, ಬೀಗದಲ್ಲಿ. ಹಿಡಿಯೊಳಗೆ ಒಂದು ತೆಳು ಉಕ್ಕಿನ ಪಟ್ಟಿ ಇದೆ. ಅಲಗು ಪೂರ್ತಿ ತೆರೆದ ಕೂಡಲೇ ಅದು ಅಡ್ಡ ಬಂದು ಅಲಗಿನ ಬುಡಕ್ಕೆ ಒತ್ತಿ ನಿಲ್ಲುತ್ತದೆ. ಅದು ಅಲ್ಲಿರುವವರೆಗೆ ಚಾಕು ಮಡಚಿಕೊಳ್ಳುವುದಿಲ್ಲ. ಮುಚ್ಚಬೇಕೆಂದರೆ ಹೆಬ್ಬೆರಳಿನಿಂದ ಪಟ್ಟಿಯನ್ನು ಪಕ್ಕಕ್ಕೆ ತಳ್ಳಬೇಕು. ಹೆಬ್ಬೆರಳು ಸಲೀಸಾಗಿ ಹೋಗಲೆಂದು ಹಿಡಿಯ ಕೆಳಗೆ ಒಂದು ಅಗಲವಾದ ಕಚ್ಚು ಬಿಟ್ಟಿದ್ದೇನೆ.

ಅಲಗನ್ನು ವೈಸಿನ ಕಬ್ಬಿಣದ ದವಡೆಗೆ ಕಚ್ಚಿಸಿ ಹಿಡಿಗೆ ನಲವತ್ತು ಕಿಲೋ ಮರಳಿನ ಚೀಲ ನೇತುಹಾಕಿ ಒಂದು ಹಗಲು ಬಿಟ್ಟೆ. ಪಟ್ಟಿ ಕೂದಲೆಳೆಯಷ್ಟೂ ಸರಿಯಲಿಲ್ಲ. ಮೂರು ಸಾವಿರ ಸಲ ತೆರೆದು ಮುಚ್ಚಿದೆ. ಕೈಯಲ್ಲಿ ಹಿಡಿದು ಹಳೆಯ ಟೈರು ಕೊಯ್ದೆ, ನೆನೆದ ಹಗ್ಗ ಕೊಯ್ದೆ. ಪಕ್ಕದ ಬಡಗಿ ಬಂದು, “ಇದೇನಯ್ಯಾ, ಚಾಕು ಮಾಡ್ತಿದೀಯೋ ಮಗು ಸಾಕ್ತಿದೀಯೋ?” ಅಂದ. ಹೆತ್ತವರಿಗೆ ಹೆಗ್ಗಣ ಮುದ್ದು ಅಂದೆ.

ಒಟ್ಟು ಮೂವತ್ತೆಂಟು ಮಾಡುತ್ತೇನೆ, ತಂದಿಟ್ಟ ಉಕ್ಕು ಅಷ್ಟಕ್ಕೇ. ಪ್ರತಿಯೊಂದಕ್ಕೂ ನಂಬರು ಹೊಡೆದು, ಯಾವುದು ಯಾರ ಕೈಗೆ ಹೋಯಿತು ಎಂದು ಬರೆದಿಡುತ್ತೇನೆ. ಒಂದನೇ ನಂಬರು ನನಗೆ, ಎರಡನೆಯದು ಸೊಸೆಗೆ, ನಿನ್ನ ಮಗಳಿಗೆ. ಇನ್ನೊಂದನ್ನು ನಿನ್ನ ಬೀದಿಯ ಗಾದಿ ಹೊಲಿಯುವವರಿಗೆ ಕೊಡು, ಅವರು ಅಂದು ಕೇಳಿದ್ದರು.

ಇಂತಿ, ಯಾರ ಆಳೂ ಅಲ್ಲದ
ಒಂಬತ್ತೂವರೆ


ಮಾರ್ಚ್ 20

ತಮ್ಮಾ,

ಚಾಕುಗಳು ತಲುಪಿ ಮೂರು ವಾರವಾಯಿತು. ನೋಡಿದಾಗ ಕಣ್ಣು ತುಂಬಿತು, ಬರೆಯಲು ತಡವಾಯಿತು. ಮಗಳು ಅದನ್ನು ಪ್ಯಾಂಟಿನ ಜೇಬಿಗೆ ಸಿಕ್ಕಿಸಿಕೊಂಡು, ಕನ್ನಡಿ ಮುಂದೆ ಅತ್ತ ಇತ್ತ ತಿರುಗಿ ನೋಡಿಕೊಂಡು ಹೋದಳು. ಮರುವಾರವೇ ಅವಳಿಗೆ ಬೇರೆ ಊರಿನ ಆಂಬುಲೆನ್ಸ್ ಠಾಣೆಗೆ ವರ್ಗವಾಯಿತು. ಇಲ್ಲಿಂದ ಎರಡು ಗಂಟೆಯ ಬಸ್ಸಿನ ದಾರಿ.

ಒಂದು ವಿಷಯ. ಗಾದಿಯವರು ಮೊನ್ನೆ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು. ತೋರುಬೆರಳಿಗೆ ಐದು ಹೊಲಿಗೆ.

“ಏನಾಯ್ತು?” ಅಂದೆ.

“ಏನಿಲ್ಲಮ್ಮ. ಹಳೇ ಸೋಫಾದ ಚರ್ಮ ಕೊಯ್ತಿದ್ದೆ, ಬರಲಿಲ್ಲ, ಒಂದ್ಸಲ ಬಿಗಿಯಾಗಿ ಹಿಡಿದು ಎಳೆದೆ. ಚಾಕು ಮುಚ್ಕೊಂಡುಬಿಡ್ತು.”

“ತಾನಾಗೇ?”

“ತಾನಾಗೇ ಮುಚ್ಕೊಳ್ಳೋಕೆ ಅದೇನು ಮುಟ್ಟಿದರೆ ಮುನಿಯೇ? ನಂದೇ ಎಲ್ಲೋ ತಪ್ಪು. ನಿಮ್ಮ ತಮ್ಮನಿಗೆ ಬರೀಬೇಡಿ, ಬೇಜಾರು ಮಾಡ್ಕೋತಾರೆ.”

ನಲವತ್ತು ವರ್ಷದಿಂದ ಚರ್ಮ ಕೊಯ್ಯುತ್ತಿರುವ ಮನುಷ್ಯ. ಅವರ ಕೈ ತಪ್ಪಿದ್ದನ್ನು ನಾನು ನೋಡಿಲ್ಲ. ಬರೆಯಬೇಡಿ ಅಂದರು, ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕ


ಏಪ್ರಿಲ್ 2

ಅಕ್ಕಾ,

ನಿನ್ನ ಕಾಗದ ಓದಿ ಒಂದನೇ ನಂಬರನ್ನು ಮತ್ತೆ ವೈಸಿಗೆ ಹಾಕಿದೆ. ಮತ್ತೆ ಮರಳು, ಈ ಸಲ ಐವತ್ತು ಕಿಲೋ. ಮತ್ತೆ ಟೈರು. ಹಲ್ಲು ಕಚ್ಚಿ, ಕೈ ನಡುಗುವವರೆಗೆ ಬಿಗಿಯಾಗಿ ಹಿಡಿದು ತಿರುಚಿದೆ. ಬಂಡೆಯ ಹಾಗೆ ನಿಂತಿತು. ನನ್ನ ಬೀಗದಲ್ಲಿ ದೋಷವಿಲ್ಲ.

ಅವರು ತೆರೆಯುವಾಗ ಪೂರ್ತಿ ತೆರೆದಿರಲಿಕ್ಕಿಲ್ಲ. ಅಥವಾ ಗೋಂದಿನ ಕೈಯಲ್ಲಿ ಹಿಡಿದು ಪಟ್ಟಿಗೆ ಅಂಟು ಮೆತ್ತಿರಬಹುದು. ಕೈ ಜಾರಿರಬೇಕು. ವಯಸ್ಸೂ ಆಯಿತಲ್ಲ.

ನಿನ್ನಿಂದ ಮುಚ್ಚಿಡುವುದಿಲ್ಲ, ಹನ್ನೊಂದನೇ ನಂಬರು ವಾಪಸ್ ಬಂದಿದೆ. ದೋಣಿಯವನೊಬ್ಬ ತೆಗೆದುಕೊಂಡಿದ್ದ. ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದಾನೆ, ಕಾಗದವಿಲ್ಲ. ಬಟ್ಟೆಯಲ್ಲಿ ಕಂದು ಕಲೆ. ತುಕ್ಕು ಇರಬಹುದು ಎಂದು ಎರಡು ದಿನ ಅಂದುಕೊಂಡೆ. ನನ್ನ ಉಕ್ಕು ಅಷ್ಟು ಬೇಗ ತುಕ್ಕು ಹಿಡಿಯುವುದಿಲ್ಲ.

ಅವನಿಗೂ ಕೈ ಜಾರಿರಬೇಕು. ನೀರಿನ ಕೆಲಸ.

ಒಂಬತ್ತೂವರೆ


ಏಪ್ರಿಲ್ 8

ತಮ್ಮಾ,

‘ಕೈ ಜಾರಿರಬೇಕು.’ ಈ ಮಾತನ್ನು ನಾನು ಮೊದಲು ಓದಿದ್ದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ನಿನ್ನ ಕಾರ್ಖಾನೆಯ ವರದಿಯಲ್ಲಿ. ‘ಯಂತ್ರದಲ್ಲಿ ದೋಷ ಕಂಡುಬಂದಿಲ್ಲ. ಕೆಲಸಗಾರನ ಕೈ ಜಾರಿರಬೇಕು.’ ಅದರ ನಕಲು ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಅಂದು ಅದನ್ನು ಬರೆದವನು ಸಂಬಳಕ್ಕೆ ಬರೆದ. ನೀನು ಯಾವುದಕ್ಕೆ ಬರೆದೆ? ಅವರು ನಿನ್ನ ಬೆರಳು ತೆಗೆದುಕೊಂಡರು ಎಂದು ತಿಳಿದಿದ್ದೆ. ಬದಲಿಗೆ ತಮ್ಮ ಭಾಷೆಯನ್ನೂ ಕೊಟ್ಟು ಕಳಿಸಿದ್ದಾರೆ.

ಇಬ್ಬರು. ಇಬ್ಬರೂ ಕೈಯಲ್ಲೇ ಬದುಕುವವರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ?

ಮರಳಿನ ಚೀಲ ಸಾಕು. ಒಂದೇ ಪ್ರಶ್ನೆ ಕೇಳುತ್ತೇನೆ, ಉತ್ತರ ಬರೆ. ಆ ಚಾಕನ್ನು ನೀನು ನಿನ್ನ ಕೈ ಬಿಟ್ಟು ಬೇರೆ ಯಾರ ಕೈಯಲ್ಲಾದರೂ ಇಟ್ಟು ನೋಡಿದ್ದೀಯಾ?

ಅಕ್ಕ


ಏಪ್ರಿಲ್ 13, ಶನಿವಾರ

ಅಕ್ಕಾ,

ಇಲ್ಲ. ಇಟ್ಟು ನೋಡಿರಲಿಲ್ಲ. ಇವತ್ತು ನೋಡಿದೆ.

ಒಂದನೇ ನಂಬರಿನ ಬಾಯಿಯನ್ನು ಅರ ಹಾಕಿ ಪೂರ್ತಿ ಮೊಂಡು ಮಾಡಿದೆ. ಬಡಗಿಯನ್ನು ಕರೆದೆ. ದಪ್ಪ ಚರ್ಮದ ಪಟ್ಟಿಯೊಂದನ್ನು ವೈಸಿಗೆ ಬಿಗಿದು, ಕೊಯ್ಯುವ ಹಾಗೆ ಎಳಿ ಅಂದೆ.

“ಗಟ್ಟಿಯಾಗಿ ಹಿಡಕೋ.”

“ಹಿಡಿದಿದೀನಯ್ಯಾ.”

“ಇನ್ನೂ ಗಟ್ಟಿಯಾಗಿ. ಹೆಂಡತಿ ತವರಿಗೆ ಹೊರಟಾಗ ಕೈ ಹಿಡ್ಕೋತೀಯಲ್ಲ, ಹಾಗೆ.”

“ಆವಾಗ ನಾನೇ ಬಸ್ ಹತ್ತಿಸಿ ಬರ್ತೀನಿ,” ಅಂದ. ಅಂದು, ನಗುತ್ತಲೇ ಹಿಡಿತ ಬಿಗಿಮಾಡಿ ಎಳೆದ.

ನನಗೆ ಶಬ್ದ ಕೇಳಲಿಲ್ಲ. ಅವನ ನಗು ನಿಂತದ್ದು ಕಂಡಿತು. ಅಲಗು ಅವನ ತೋರುಬೆರಳಿನ ಮೇಲೆ ಮಡಚಿ ಕೂತಿತ್ತು. ಮೊಂಡು ಮಾಡಿದ್ದರಿಂದ ಗೆರೆ ಮೂಡಿತು, ಅಷ್ಟೇ. ಏಳು ಸಲ ಮಾಡಿಸಿದೆ, ಐದು ಸಲ ಮಡಚಿತು. ಮೆಲ್ಲಗೆ ಹಿಡಿದರೆ ಏನೂ ಇಲ್ಲ. ತರಕಾರಿ, ದಾರ, ಕಾಗದ ಎಲ್ಲ ಕೊಯ್ಯುತ್ತದೆ. ಜೀವ ಬಿಟ್ಟು ಹಿಡಿದಾಗ ಮಾತ್ರ ಕೈ ಕೊಡುತ್ತದೆ.

ಯಾಕೆಂದು ನೋಡಲು ಅವನ ಮುಷ್ಟಿಯನ್ನು ತಿರುಗಿಸಿ ದೀಪಕ್ಕೆ ಹಿಡಿದೆ. ಹೆಬ್ಬೆರಳಿಗೆಂದು ನಾನು ಬಿಟ್ಟ ಕಚ್ಚಿನ ಕೆಳಗೇ ಅವನ ತೋರುಬೆರಳು ಹಾದುಹೋಗಿತ್ತು. ಮುಷ್ಟಿ ಬಿಗಿಯಾದಾಗ ಆ ಬೆರಳಿನ ಮಾಂಸ ಕಚ್ಚಿನೊಳಗೆ ಉಬ್ಬಿ, ಪಟ್ಟಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಬೀಗ ಬಿಡುತ್ತದೆ. ಅಲಗು ಬಂದು ಬೀಳುವುದೂ ಆ ಬೆರಳಿನ ಮೇಲೆಯೇ.

ನನ್ನ ಕೈಯಲ್ಲಿ ಆ ಜಾಗದಲ್ಲಿ ಏನೂ ಇಲ್ಲ, ಅಕ್ಕಾ. ಬರೀ ಗಾಳಿ. ಮೂರು ಸಾವಿರ ಸಲ ಆ ಗಾಳಿಯನ್ನು ಪರೀಕ್ಷೆ ಮಾಡಿದ್ದೇನೆ. ನನ್ನೊಬ್ಬನಿಗೆ ಮಾತ್ರ ಒಗ್ಗುವ ಚಾಕು ಮಾಡಿ, ಉಳಿದವರ ಕೈಯನ್ನು ನನ್ನ ಕೈಯಂತೆ ಮಾಡಲು ಊರೂರಿಗೆ ಕಳಿಸಿದ್ದೇನೆ.

ಮೊದಲು ಸೊಸೆಯ ಜೇಬಿನಿಂದ ಅದನ್ನು ತೆಗೆಸು. ಇವತ್ತೇ. ಅವಳ ಹೊಸ ವಿಳಾಸವನ್ನೂ ಕಳಿಸು, ನಾನೂ ಬರೆಯುತ್ತೇನೆ. ಅವಳು ಚಾಕು ತೆಗೆಯುವುದೇ ಜೀವ ಬಿಟ್ಟು ಹಿಡಿಯುವ ಹೊತ್ತಿನಲ್ಲಿ.

ಉಳಿದ ಮೂವತ್ತಾರು ಜನಕ್ಕೆ ಆಮೇಲೆ ಬರೆಯುತ್ತೇನೆ. ಕಚ್ಚನ್ನು ಕಿರಿದು ಮಾಡಿ, ಪಟ್ಟಿಯನ್ನು ಒಳಕ್ಕೆ ಸರಿಸಿ ಹೊಸ ಹಿಡಿ ಮಾಡುತ್ತಿದ್ದೇನೆ. ಇಪ್ಪತ್ತು ದಿನ ಸಾಕು. ‘ಇನ್ನೂ ಉತ್ತಮಪಡಿಸಿದ್ದೇನೆ, ಹಳೆಯದನ್ನು ಕಳಿಸಿ, ಹೊಸದು ತೆಗೆದುಕೊಳ್ಳಿ’ ಎಂದರೆ ಯಾರಿಗೂ ಗಾಬರಿಯಾಗುವುದಿಲ್ಲ. ಈಗಲೇ ನಿಜ ಬರೆದರೆ ಇನ್ನು ಯಾರು ನನ್ನ ಕೈಯಿಂದ ಚಾಕು ತೆಗೆದುಕೊಳ್ಳುತ್ತಾರೆ? ಈ ವಯಸ್ಸಿನಲ್ಲಿ ಇನ್ನೊಂದು ಕಾರ್ಖಾನೆಯ ಗೇಟಿನಲ್ಲಿ ಹೋಗಿ ನಿಲ್ಲಲೇ?

ತಮ್ಮ


ಏಪ್ರಿಲ್ 16, ಮಂಗಳವಾರ

ತಮ್ಮಾ,

ಬೆಳಿಗ್ಗೆ ಹತ್ತಕ್ಕೆ ನಿನ್ನ ಕಾಗದ ಬಂತು. ಎರಡು ಸಲ ಓದಿದೆ. ಮೊದಲ ಸಲ ಓದುವಾಗ ನಿನ್ನನ್ನು ತಬ್ಬಿಕೊಳ್ಳಬೇಕೆನಿಸಿತು. ‘ಮೊದಲು ಸೊಸೆಯ ಜೇಬಿನಿಂದ’ ಎನ್ನುವಲ್ಲಿಗೆ ಎರಡನೇ ಸಲ ಬಂದಾಗ ಓದು ನಿಂತಿತು.

ನಿನಗೆ ಹೇಳದ ಒಂದು ಸಂಗತಿ ಇದೆ. ಕೈ ಒಳಗೆ ಹೋಗದಂತೆ ಕಾಯುವ ಆ ಪ್ರೆಸ್ಸಿನ ತಡೆಬಾಗಿಲಿನ ಸ್ಪ್ರಿಂಗು ಮುರಿದದ್ದು ನಿನ್ನ ಬೆರಳು ಹೋದ ದಿನವಲ್ಲ. ಮೂರು ದಿನ ಮೊದಲು. ಅಲ್ಲಿಯವರೆಗೆ ಆ ಪ್ರೆಸ್ಸಿನಲ್ಲಿ ಕೂರುತ್ತಿದ್ದವನು ಮೇಲ್ವಿಚಾರಕನ ಅಳಿಯ. ಸ್ಪ್ರಿಂಗು ಮುರಿದ ಸಂಜೆಯೇ ಅವನಿಗೆ ಉಗ್ರಾಣಕ್ಕೆ ವರ್ಗವಾಯಿತು. ಸೋಮವಾರ ನಿನ್ನನ್ನು ಕೂರಿಸಿದರು. ಹೊಸ ಸ್ಪ್ರಿಂಗು ಬರಲು ಹದಿನೈದು ದಿನ ಬೇಕಿತ್ತಂತೆ, ಯಂತ್ರ ನಿಲ್ಲಿಸಿದರೆ ಗಿರಾಕಿಗಳಿಗೆ ಗಾಬರಿಯಾಗುತ್ತಿತ್ತಂತೆ. ಇದನ್ನು ನನಗೆ ಹೇಳಿದ್ದು ಆ ಅಳಿಯನೇ, ಎಷ್ಟೋ ವರ್ಷದ ಮೇಲೆ, ಅತ್ತುಕೊಂಡು. ನಿನಗೆ ಹೇಳಿದರೆ ಅಲ್ಲಿ ದುಡಿಯುವುದು ನಿನಗೆ ಕಷ್ಟವಾದೀತೆಂದು ನುಂಗಿಕೊಂಡೆ.

ಆ ಮೇಲ್ವಿಚಾರಕ ರಾಕ್ಷಸನಲ್ಲ. ತನ್ನವನನ್ನು ದಡ ಸೇರಿಸಿದ, ಅಷ್ಟೇ. ಆದರೆ ತನ್ನವರು ದಡ ಸೇರಿದ ಮೇಲೆ ದೋಣಿಗೆ ತೂತಿದೆ ಎಂದು ಕೂಗುವ ಆತುರ ಯಾರಿಗೂ ಇರುವುದಿಲ್ಲ. ನಿನಗೂ ಇಲ್ಲ. ಇಪ್ಪತ್ತು ದಿನ ಎನ್ನುತ್ತೀಯ.

ಆದ್ದರಿಂದ ಕೇಳು. ಮಗಳಿಗೆ ನಾನು ಹೇಳುವುದಿಲ್ಲ. ವಿಳಾಸವನ್ನೂ ನಿನಗೆ ಕಳಿಸುವುದಿಲ್ಲ. ಮೂವತ್ತಾರು ಜನಕ್ಕೆ ರಿಜಿಸ್ಟರ್ ಅಂಚೆಯಲ್ಲಿ, ‘ಉತ್ತಮಪಡಿಸಿದ್ದೇನೆ’ ಎಂಬ ಬೆಲ್ಲ ಸವರದೆ, ನಿಜ ಬರೆದು ಹಾಕು. ಮೂವತ್ತಾರು ರಸೀದಿ ನನ್ನ ಕೈ ಸೇರಿದ ಗಳಿಗೆಯಲ್ಲಿ ನಾನೇ ಬಸ್ಸು ಹತ್ತುತ್ತೇನೆ. ನಮ್ಮ ಮನೆಯ ಮಗು ಸಾಲಿನ ಕೊನೆಯಲ್ಲಿ ನಿಲ್ಲಲಿ.

ನೀನೂ ಒಬ್ಬ ತಾಯಿಯೇ ಎಂದು ಕೇಳಬೇಡ. ಅವಳಿಗೆ ಹೇಳಿಬಿಟ್ಟರೆ ಈ ಮಧ್ಯಾಹ್ನವೇ ನನ್ನ ಸಿಟ್ಟು ತಣ್ಣಗಾಗುತ್ತದೆ, ನಿನ್ನ ಇಪ್ಪತ್ತು ದಿನಕ್ಕೆ ನಾನೇ ಒಪ್ಪಿಕೊಳ್ಳುತ್ತೇನೆ. ನನ್ನನ್ನು ನಾನು ಬಲ್ಲೆ. ಅದಕ್ಕೇ ಹೇಳುತ್ತಿಲ್ಲ.

ಅಕ್ಕ


ಏಪ್ರಿಲ್ 23

ಅಕ್ಕಾ,

ನಿನ್ನ ಕಾಗದ ಶನಿವಾರ ಸಂಜೆ ಬಂತು. ನಿನಗೆ ಹುಚ್ಚು ಹಿಡಿದಿದೆ ಎಂದು ಗೋಡೆಗೆ ಹೇಳಿದೆ. ಭಾನುವಾರ ಇಡೀ ದಿನ ಕೂತು ಬರೆದೆ. ನಿನ್ನೆ ಅಂಚೆ ಕಚೇರಿ ತೆರೆಯುವ ಮೊದಲೇ ಮೆಟ್ಟಿಲ ಮೇಲೆ ನಿಂತಿದ್ದೆ. ಮೂವತ್ತಾರು ರಸೀದಿಯೂ ಇದರೊಳಗಿವೆ. ಎಣಿಸಿಕೋ. ಎಲ್ಲರಿಗೂ ಬರೆದದ್ದು ಒಂದೇ:

‘ನಾನು ಮಾಡಿಕೊಟ್ಟ ಚಾಕನ್ನು ಇನ್ನು ತೆರೆಯಬೇಡಿ. ಬಿಗಿಯಾಗಿ ಹಿಡಿದಾಗ ಅದು ತಾನಾಗಿ ಮಡಚಿಕೊಂಡು ಬೆರಳು ಕೊಯ್ಯುತ್ತದೆ. ನನ್ನ ಬಲಗೈಯಲ್ಲಿ ತೋರುಬೆರಳಿಲ್ಲ. ಚಾಕನ್ನು ನನ್ನ ಕೈಯೊಂದರಲ್ಲೇ ಪರೀಕ್ಷಿಸಿದೆ, ಬೇರೆಯವರಿಗೆ ಕೊಟ್ಟು ನೋಡಲಿಲ್ಲ. ಈಗಾಗಲೇ ಗಾಯವಾಗಿದ್ದರೆ ಅದು ನಿಮ್ಮ ಅಜಾಗರೂಕತೆಯಲ್ಲ, ನನ್ನದು. ದಯವಿಟ್ಟು ಹಿಂದಕ್ಕೆ ಕಳಿಸಿ.’

ಚಾಕು ವಾಪಸ್ ಕಳಿಸಿದ ದೋಣಿಯವನಿಗೂ ಬರೆದೆ. ತಪ್ಪು ಯಾರದೆಂದು ಅವನಿಗೂ ಗೊತ್ತಾಗಲಿ.

ಸೊಸೆಯ ಊರಿನ ಆಂಬುಲೆನ್ಸ್ ಠಾಣೆಗೆ ನಿನ್ನೆಯೇ ಫೋನ್ ಮಾಡಿದೆ. ಫೋನ್ ಅಂಗಡಿಯವನು ಅವಳ ಹಳೆಯ ಠಾಣೆಯಲ್ಲಿ ಊರು ವಿಚಾರಿಸಿ, ನಂಬರು ಹುಡುಕಿ ತಿರುಗಿಸಿ ಕೊಟ್ಟ. ಎದುರಿಗೆ ಯಾರೋ ಏನೋ ಅಂದರು, ನನಗೆ ಬರೀ ಗುಂಯ್ ಎಂದು ಕೇಳಿತು. “ಚಾಕು ಹಿಡೀಬೇಡಿ, ಬೆರಳು ಹೋಗುತ್ತೆ!” ಎಂದು ಮೂರು ಸಲ ಕೂಗಿದೆ. ಅಂಗಡಿಯವನು ರಿಸೀವರು ಇಸಿದುಕೊಂಡು ಕೇಳಿ, “ಇಟ್ಟುಬಿಟ್ರು ಯಜಮಾನ್ರೇ. ಬೆದರಿಕೆ ಅಂದ್ಕೊಂಡ್ರು,” ಅಂದ. ಅವನೇ ಮತ್ತೆ ಮಾಡಿದ. ಯಾರೂ ಎತ್ತಲಿಲ್ಲ.

ನೀನು ಕೇಳಿದ್ದೆಲ್ಲ ಮಾಡಿದ್ದೇನೆ. ಇನ್ನು ಹೇಳು ಅವಳಿಗೆ. ಈ ಕಾಗದವನ್ನು ಕೊನೆಯವರೆಗೆ ಓದಲೂ ಕೂರಬೇಡ, ಹೊರಡು.

ತಮ್ಮ


ಮೇ 2

ತಮ್ಮಾ,

ಕಾಗದ ಶನಿವಾರ, ಇಪ್ಪತ್ತೇಳರಂದು ಬಂತು. ಬಾಗಿಲಲ್ಲೇ ಹರಿದು ರಸೀದಿ ಎಣಿಸಿದೆ. ಮೂವತ್ತಾರು ಇದ್ದವು. ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಗಳಿಗೆ ಹೇಳಬೇಕಾದ ಮಾತನ್ನು ಕರಡು ತಿದ್ದಿದಂತೆ ತಿದ್ದುತ್ತಾ ಹೋದೆ. ಗೆದ್ದೆ ಎಂದುಕೊಂಡಿದ್ದೆ. ಅದನ್ನು ಬರೆಯದಿದ್ದರೆ ಈ ಕಾಗದ ಸುಳ್ಳಾಗುತ್ತದೆ.

ಠಾಣೆಯಲ್ಲಿ ಅವಳಿರಲಿಲ್ಲ. ಆಸ್ಪತ್ರೆಯಲ್ಲಿದ್ದಾಳೆ ಅಂದರು. ನಾನು ಹೊರಗೆ ಓಡಿದ್ದು ನೋಡಿ, “ಅವರಿಗೇನೂ ಆಗಿಲ್ಲಮ್ಮ, ಡ್ರೈವರ್ ಜೊತೆ ಇದಾರೆ,” ಅಂದರು.

ಶುಕ್ರವಾರ ಮಧ್ಯಾಹ್ನ ಸೇತುವೆಯ ಬಳಿ ಒಂದು ವ್ಯಾನು ಮಗುಚಿತ್ತು. ಒಳಗೆ ಒಬ್ಬ ಹೆಂಗಸು ಬೆಲ್ಟಿನಲ್ಲಿ ಸಿಕ್ಕಿಕೊಂಡಿದ್ದಳು, ಕೆಳಗೆ ಪೆಟ್ರೋಲು ಸೋರುತ್ತಿತ್ತು. ಮಗಳು ಚಾಕು ತೆಗೆದಳು. ಅವಳ ಆಂಬುಲೆನ್ಸಿನ ಡ್ರೈವರು, “ಇಲ್ಲಿ ಕೊಡಮ್ಮ, ನಿನ್ನ ಕೈಗಿಂತ ನನ್ನ ಕೈ ಗಟ್ಟಿ,” ಅಂದರಂತೆ. ಒಂದೇ ಎಳೆತಕ್ಕೆ ಅರ್ಧ ಬೆಲ್ಟು ಹರಿಯಿತು. ಎರಡನೇ ಎಳೆತಕ್ಕೆ ಇನ್ನೂ ಬಿಗಿಯಾಗಿ ಹಿಡಿದರು. ಉಳಿದದ್ದನ್ನು ಮಗಳು ಆ ಮೊಂಡು ಕತ್ತರಿಯಿಂದ ಕತ್ತರಿಸಿದಳು. ಹೆಂಗಸು ಬದುಕಿದ್ದಾಳೆ. ಡ್ರೈವರ ತೋರುಬೆರಳನ್ನು ಮತ್ತೆ ಹೊಲಿಯಲು ಆಗಲಿಲ್ಲ.

ಮಗಳಿಗೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. “ನೀನು ನನ್ನನ್ನಷ್ಟೇ ಪಣಕ್ಕಿಟ್ಟಿದ್ದರೆ ಕ್ಷಮಿಸ್ತಿದ್ದೆ ಅಮ್ಮ. ಅವರನ್ನ ಇಡೋಕೆ ನೀನು ಯಾರು?” ಅಂದಳು. ಎದ್ದು ಆ ಕಡೆ ಹೋಗಿ ಕೂತಳು. ಮನೆಗೆ ಬಂದಿಲ್ಲ.

ನಿನ್ನನ್ನು ಬೈದದ್ದಕ್ಕೆ ನನ್ನಲ್ಲಿ ಈಗಲೂ ಪಶ್ಚಾತ್ತಾಪವಿಲ್ಲ. ಇಪ್ಪತ್ತು ದಿನ ಕಾಯಬೇಕೆಂದದ್ದು ನಿನ್ನ ತಪ್ಪು. ಆದರೆ ನಾನು ಕಾದೆ. ನನ್ನ ಮಗಳನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸಿದ್ದೇನೆ ಎಂದುಕೊಂಡೆ, ಅವಳ ಹಿಂದೆ ಇನ್ನೊಬ್ಬರು ನಿಂತಿರಬಹುದು ಎಂದು ನೋಡಲಿಲ್ಲ. ಮುಂದೊಮ್ಮೆ ಯಾರಾದರೂ ಇದರ ವರದಿ ಬರೆದರೆ ಮೇಲ್ವಿಚಾರಕನ ಜಾಗದಲ್ಲಿ ನನ್ನ ಹೆಸರು ಬರೆಯಲಿ, ನಾನೇ ಕರಡು ನೋಡಿಕೊಡುತ್ತೇನೆ.

ಡ್ರೈವರ ಹೆಂಡತಿ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಕೂತು ನಾನು ಯಾರು, ಚಾಕು ಯಾರದು, ನನಗೇನು ಗೊತ್ತಿತ್ತು ಎಲ್ಲ ಹೇಳಿದೆ. ಆಕೆ ದನಿ ಏರಿಸಲಿಲ್ಲ.

“ನಿಮಗೆ ಯಾವತ್ತು ಗೊತ್ತಾಯ್ತು?” ಅಂದರು.

ಈ ಜ್ಞಾಪಕಶಕ್ತಿಯ ಬಗ್ಗೆ ಜೀವನವಿಡೀ ಜಂಬಪಟ್ಟವಳು ನಾನು. “ಹದಿನಾರನೇ ತಾರೀಕು. ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ,” ಅಂದೆ.

ಆಕೆ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಮರುದಿನದಿಂದ ಅಪಘಾತದ ಶುಕ್ರವಾರದವರೆಗೆ ಒಂದೊಂದೇ ದಿನಕ್ಕೆ ಒಂದೊಂದೇ ಬೆರಳು ಮಡಚುತ್ತಾ ಎಣಿಸಿದರು. ಎಡಗೈ ತುಂಬಿತು. ಬಲಗೈಗೆ ಹೋದರು. ಹತ್ತನೆಯ ಬೆರಳು ಮಡಚಿದ ಮೇಲೂ ಮುಷ್ಟಿ ಬಿಚ್ಚಲಿಲ್ಲ.

ಅಕ್ಕ